ಹುಣಸೆ ಬೊಡ್ಡೆಯ ಪೂರ್ವದ ಮಗ್ಗುಲು

ನನ್ನ ಸೋದರಮಾವನ ನಗು ಮೂರು ಕಂತಿನಲ್ಲಿ ಬರುತ್ತದೆ. ಮೊದಲು ಮೂಗಿನಿಂದ ಒಂದಿಷ್ಟು ಗಾಳಿ. ಆಮೇಲೆ ಗಂಟಲೊಳಗೆ, ಚಳಿಗಾಲದ ಮುಂಜಾನೆ ಟ್ರ್ಯಾಕ್ಟರ್ ಚಾಲೂ ಆಗಲಾರದೆ ಒದ್ದಾಡುವಂಥ ಸದ್ದು. ಕೊನೆಗೆ ತೊಡೆಯ ಮೇಲೆ ಒಂದು ಏಟು. ತೊಡೆ ಅವನದೇ ಆಗಿರಬೇಕೆಂಬ ನಿಯಮವಿಲ್ಲ. ನಾಲ್ಕು ವರ್ಷ ಅವನ ಜೆಸಿಬಿ ಓಡಿಸಿ, ಅವನ ಬಾಜು ಕೂತು ಚಹಾ ಕುಡಿದ ನನ್ನ ಎಡತೊಡೆಗೆ ಇದು ಚೆನ್ನಾಗಿ ಗೊತ್ತು.

ಈ ನಗುವನ್ನು ನಾನು ಬೆಳಗಾವಿಯ ಅರ್ಧದಷ್ಟು ಚಹಾದಂಗಡಿಗಳಲ್ಲಿ ನಕ್ಕು ತೋರಿಸಿದ್ದೇನೆ. ಯಾರನ್ನು ಕಂಡರೂ ಅವರ ದನಿ ಬಂದು ನನ್ನ ಗಂಟಲಲ್ಲಿ ಕೂತುಬಿಡುತ್ತದೆ. ಇದು ಕಲೆ ಎಂದು ನನ್ನ ತಿಳಿವಳಿಕೆ; ರೋಗ ಎಂದು ನನ್ನ ಅವ್ವನದು. ಮಾವ ನಗುವನ್ನೇನೋ ಸಹಿಸಿಕೊಂಡಿದ್ದ. ಆದರೆ ಒಂದು ದಿನ ಅವನ ಫೋನು ನನ್ನ ಕೈಯಲ್ಲಿದ್ದಾಗ ಗಿರಾಕಿಯೊಬ್ಬರು ಕರೆ ಮಾಡಿದರು. ನಾನು ಅವನದೇ ದನಿಯಲ್ಲಿ, "ನಾಳಿ ಮುಂಜಾನೆ ಬರ್ತೀನ್ರಿ, ನೀವೇನ ಚಿಂತಿ ಮಾಡಬ್ಯಾಡ್ರಿ," ಎಂದುಬಿಟ್ಟೆ. ಮಾವ ತನ್ನ ಜನ್ಮದಲ್ಲಿ ಯಾರ ಕೆಲಸಕ್ಕೂ ಮರುದಿನ ಹೋದವನಲ್ಲ. ಗಿರಾಕಿ ಆಳುಗಳನ್ನು ಕರೆಸಿಕೊಂಡು ಮಧ್ಯಾಹ್ನದವರೆಗೆ ಕಾದು, ಸೀದಾ ಮನೆಗೇ ಬಂದು, ಓಣಿ ಕೇಳುವಂತೆ ಬೈದು ಹೋದರು.

"ನನ್ನ ದನ್ಯಾಗ ಬೈಯಿ, ನಗು, ಕೆಮ್ಮು, ಏನರ ಮಾಡು," ಎಂದ ಮಾವ. "ಮಾತು ಕೊಡ್ತಿಯೇನಲೇ? ಇಳಿ ಕೆಳಗ."

ಹೀಗೆ ನಾನು ಜೆಸಿಬಿಯಿಂದ ಇಳಿದೆ. ಇಳಿದವನು ಸುಮ್ಮನೆ ಮನೆಗೆ ಹೋಗಬಹುದಿತ್ತು. ಅವನ ಹೊಟ್ಟೆಗೆ ಬೆಂಕಿ ಬೀಳುವಂಥ ಉದ್ಯೋಗ ಯಾವುದು ಎಂದು ಒಂದು ವಾರ ಕೂತು ಯೋಚಿಸಿದೆ. ಉತ್ತರ ನಾಲ್ಕು ವರ್ಷದಿಂದ ನನ್ನ ಕಣ್ಣೆದುರಿಗೇ ಇತ್ತು. ಮರ ಕಡಿಯುವವರು ಮರ ಕಡಿದು, ಕಟ್ಟಿಗೆ ಒಯ್ದು, ಬೊಡ್ಡೆಯನ್ನು ಮಾತ್ರ ನೆಲದಲ್ಲಿ ಬಿಟ್ಟು ಹೋಗುತ್ತಾರೆ. ಆ ಬೊಡ್ಡೆ ಕೀಳಲು ಜನ ನಮ್ಮನ್ನು ಕರೆಯುತ್ತಿದ್ದರು. ಬೊಡ್ಡೆಯ ಜೊತೆಗೆ ನಾವು ಅವರ ಗೇಟಿನ ಕಂಬವನ್ನೋ, ನಳದ ಪೈಪನ್ನೋ, ಒಮ್ಮೆ ನೆಹರು ನಗರದಲ್ಲಿ ಒಬ್ಬ ಡಾಕ್ಟರರ ಇಡೀ ಕಾಂಪೌಂಡ್ ಗೋಡೆಯನ್ನೋ ಕಿತ್ತುಕೊಡುತ್ತಿದ್ದೆವು. ಬೊಡ್ಡೆಯನ್ನು ಕೀಳದೆ, ಇದ್ದಲ್ಲೇ ಪುಡಿ ಮಾಡುವ ಯಂತ್ರ ಇದೆ ಎಂದು ನಾನು ಫೋನಿನಲ್ಲಿ ನೋಡಿದ್ದೆ. ಹಲ್ಲುಗಳಿರುವ ಒಂದು ಗಾಲಿ ಗರಗರ ತಿರುಗುತ್ತ ಬೊಡ್ಡೆಯನ್ನು ಕೆರೆದು ಕೆರೆದು ಹೊಟ್ಟು ಮಾಡುತ್ತದೆ. ಗೋಡೆ ಅಲುಗುವುದಿಲ್ಲ.

ಯಂತ್ರದಲ್ಲಿ ಎರಡು ಅಳತೆ. ಒಂದು ಅಗಲವಾದದ್ದು, ದೊಡ್ಡ ಎಂಜಿನ್ನು, ಬೇಗ ಕೆಲಸ. ಇನ್ನೊಂದು ಸಣ್ಣದು, ಕೈಯಿಂದ ತಳ್ಳಿಕೊಂಡು ಹೋಗುವಂಥದ್ದು, ಅರ್ಧ ವೇಗ. ನೋಡಿದವರೆಲ್ಲ ದೊಡ್ಡದನ್ನೇ ತಗೋ ಎಂದರು. ನಾನೂ ದೊಡ್ಡದನ್ನೇ ತೆಗೆದುಕೊಳ್ಳುತ್ತಿದ್ದೆ, ಡಾಕ್ಟರರ ಕಾಂಪೌಂಡ್ ನೆನಪಾಗದಿದ್ದರೆ. ನೆನಪಾದ್ದರಿಂದ ಒಂದು ಟೇಪು ಹಿಡಿದುಕೊಂಡು ಮೂರು ದಿನ ಊರೆಲ್ಲ ತಿರುಗಿ ಗೇಟು ಅಳೆದೆ. ನೆಹರು ನಗರ ಮುಗಿಸಿ ಕೋಟೆಯ ಕಡೆಯ ಹಳೆಯ ಮನೆಗಳಿಗೆ ಬರುವಷ್ಟರಲ್ಲಿ ನನ್ನ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಟೇಪು, ಚೀಟಿ, ಕಿವಿಯ ಮೇಲೊಂದು ಪೆನ್ನು: ರಸ್ತೆ ಅಗಲ ಮಾಡಲು ಬಂದ ಸರಕಾರದ ಮನುಷ್ಯ ಎಂದು ಜನ ತಿಳಿದಿದ್ದರು.

"ಅಳೀರಿ, ಅಳೀರಿ," ಎಂದರು ಒಬ್ಬ ಹಿರಿಯರು, ಕೈಯಲ್ಲಿ ಕೋಲು ಹಿಡಿದು. "ಇಲ್ಲಿತನಾ ಅಳದವರ ಹೆಸರ ಎಲ್ಲಾ ಬರ್ದಿಟ್ಟೀನಿ. ನಿಮ್ಮದೂ ಹೇಳ್ರಿ."

ಅಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನಾನು ಹುಬ್ಬು ಏರಿಸಿ, ಮೂಗಿನ ತುದಿಗೆ ಇಲ್ಲದ ಚಶ್ಮಾ ಜಾರಿಸಿಕೊಂಡು, ಸಾಹೇಬರ ದನಿಯಲ್ಲಿ, "ಅರ್ಜಿ ಕೊಡ್ರಿ, ನೋಡೋಣು," ಎಂದೆ. ಕೋಲು ನನ್ನ ಮೊಣಕಾಲಿಗೆ ಬಿತ್ತು. ಆದರೆ ಮೂರು ದಿನದ ಅಳತೆಯಿಂದ ಒಂದು ವಿಷಯ ತಿಳಿಯಿತು: ಬೊಡ್ಡೆ ಇರುವ ಮನೆಗಳ ಗೇಟು, ಸಂದಿ, ಹಿತ್ತಲ ಬಾಗಿಲು ಹೆಚ್ಚಿನವು ಮೂರು ಅಡಿಯವು. ದೊಡ್ಡ ಯಂತ್ರ ರಸ್ತೆಯಲ್ಲೇ ನಿಲ್ಲಬೇಕು.

ಪುಣೆಯ ಡೀಲರ್ ನನಗೆ ಒಂದು ನೀಲಗಿರಿ ಬೊಡ್ಡೆಯ ಮೇಲೆ ಯಂತ್ರ ಓಡಿಸಿ ತೋರಿಸಿದ. ಅದು ಕೊಳೆತು ಕೇಕಿನಂತಾಗಿತ್ತು, ಚಮಚದಿಂದಲೂ ತೆಗೆಯಬಹುದಿತ್ತು. ಶೆಡ್ಡಿನ ಹಿಂದೆ ಒಂದು ಒಣ ಜಾಲಿಯ ಬೊಡ್ಡೆ ಇತ್ತು. ಅದನ್ನು ಕೆರೆದು ತೋರಿಸಿ ಎಂದೆ. "ಭಾಯಿಸಾಬ್, ಮಷೀನ್ ದೇಖೋ, ಪೇಡ್ ಕ್ಯೂಂ ದೇಖತೇ ಹೋ?" ಎಂದ, ಯಂತ್ರ ನೋಡು, ಮರ ಯಾಕೆ ನೋಡುತ್ತೀ ಎಂಬಂತೆ. ನಾನು ಅದೇ ವಾಕ್ಯವನ್ನು ಅದೇ ದನಿಯಲ್ಲಿ ಅವನಿಗೇ ತಿರುಗಿಸಿ ಹೇಳಿದೆ. ಅವನ ಕೆಲಸದವರು ನಕ್ಕರು, ಅವನು ನಗಲಿಲ್ಲ, ಆದರೆ ಜಾಲಿಯ ಮೇಲೆ ಯಂತ್ರ ಇಟ್ಟ. ನಿಧಾನವಾಗಿ, ಗೊಣಗುತ್ತ, ಅದು ಜಾಲಿಯನ್ನೂ ತಿಂದಿತು. ಮೂವತ್ತನಾಲ್ಕು ಇಂಚು ಅಗಲದ ಆ ಸಣ್ಣ ಯಂತ್ರವನ್ನೇ ತಂದೆ. ಜೊತೆಗೆ ಎಂಟು ಹಲ್ಲುಗಳ ಒಂದೇ ಒಂದು ಸೆಟ್ಟು. ಹೆಚ್ಚಿನ ಹಲ್ಲು ಬೇಕಾಗುತ್ತವೆ ಎಂದು ಡೀಲರ್ ಹೇಳಿದ್ದ. ಮಾರುವವನು ಹಾಗೆಯೇ ಹೇಳುತ್ತಾನೆ ಎಂದುಕೊಂಡೆ.

ಮೊದಲ ಕೆಲಸ ತೆಂಗಿನ ಬೊಡ್ಡೆ. ತೆಂಗಿನ ನಾರು ಗಾಲಿಗೆ ಹೆರಳಿನಂತೆ ಸುತ್ತಿಕೊಂಡಿತು. ಯಂತ್ರದ ತಲೆ ಬಾಚುತ್ತ ಇಡೀ ದಿನ ಕಳೆದೆ. ಎರಡನೆಯದು ಗುಲ್‌ಮೊಹರ್, ಅದರ ಬೇರಿನ ಜೊತೆ ನೀರಿನ ಪೈಪನ್ನೂ ಕೆರೆದೆ. ಮನೆಯ ಯಜಮಾನಿತಿ ನನ್ನನ್ನೇ ಪೈಪಿನ ತೂತಿಗೆ ಒತ್ತಿ ಹಿಡಿಯುವವರಂತೆ ಕಂಡರು. ಅಂದಿನಿಂದ ಕೆಲಸಕ್ಕೆ ಮೊದಲು, "ಕೆಳಗ ಪೈಪು, ವೈರು ಏನರ ಅದಾವೇನ್ರಿ?" ಎಂದು ಕೇಳುವುದು ಕಲಿತೆ. ಕೆಳಗೆ ಏನಿದೆ ಎಂದು ಕೇಳುವುದನ್ನು ಮಾತ್ರ ಕಲಿತೆ. ಒಳಗೆ ಏನಿದೆ ಎಂಬುದು ತಲೆಗೆ ಹೊಳೆಯಲಿಲ್ಲ.

ಕೆಲಸ ಬೆಳೆಯಿತು. ಕೋಟೆಯ ಬಾಜು ಹಳೆಯ ಗೋಡೆಗಳ ನಡುವೆ ಜೆಸಿಬಿಯನ್ನು ಯಾರೂ ಹತ್ತಿರ ಬಿಡುವುದಿಲ್ಲ. ಅಲ್ಲಿಯ ಬೊಡ್ಡೆಗಳೆಲ್ಲ ನನ್ನ ಪಾಲಿಗೆ ಬಂದವು. ಮಾವ ಸಿಕ್ಕಸಿಕ್ಕಲ್ಲಿ, "ನಾ ಬೇರ ಕೀಳ್ತೀನಿ. ಇಂವ ಗಡ್ಡ ಬೋಳಸ್ತಾನ," ಎನ್ನತೊಡಗಿದ. ಮಾತು ಚೆನ್ನಾಗಿತ್ತು. ನಾನೂ ಅವನ ದನಿಯಲ್ಲಿ ಅದನ್ನು ನಾಲ್ಕು ಕಡೆ ಹೇಳಿ ನಗಿಸಿದೆ. ಅದು ಅವನಿಗೆ ಇನ್ನೂ ಸಿಟ್ಟು ತರಿಸಿತು.

ಯುಗಾದಿಯ ದಿನ ನಮ್ಮ ಮನೆಯ ಪಡಸಾಲೆಯಲ್ಲಿ, ಹೋಳಿಗೆಯ ತಾಟು ಮುಂದಿಟ್ಟುಕೊಂಡು, ಎಲ್ಲ ಬಳಗದ ಎದುರಿಗೆ ಮಾವ ಪಂಥ ಕಟ್ಟಿದ.

"ಖಾನಾಪುರ ತಾಲೂಕಿನ್ಯಾಗ ಬೀಡಿ ಅಂತ ಊರ ಐತಲ್ಲ, ಅಲ್ಲೆ ಒಬ್ಬ ಮಾಸ್ತರನ ಅಂಗಳದಾಗ ಹುಣಸಿ ಬೊಡ್ಡಿ ಐತಿ. ನಾ ನೋಡಿ ಬಂದೀನಿ. ಒಂದು ಬಾಜು ಮನಿ ಗ್ವಾಡಿ, ಒಂದು ಬಾಜು ನೆಲದಾಗ ನೀರಿನ ಟಾಕಿ. ನಾ ಕಿತ್ರ ಎರಡೂ ಹೊಕ್ಕಾವು, ಅದಕ್ಕ ಬ್ಯಾಡ ಅಂದೆ. ನೀ ಗಂಡಸಿದ್ರ ಮಿರಗದ ಮಳಿ ಬೀಳೂದ್ರಾಗ ಅದನ್ನ ತಗದ ತೋರಸು."

"ತಗದ್ರ?"

"ತಗದ್ರ ನನ್ನ ಬಾಯಾಗ ನಿನ್ನ ಹೆಸರ ಬರಂಗಿಲ್ಲ. ಆಗಲಿಲ್ಲ ಅಂದ್ರ ಆ ಗಡ್ಡದ ಮಷೀನ್ ಗುಜರಿಗೆ ಹಾಕಿ, ಸುಮ್ನ ಬಂದ ನನ್ನ ಜೆಸಿಬಿ ಹತ್ತಬೇಕು. ಮತ್ತ ನನ್ನ ದನಿ ತಗೀಬಾರದು. ಸಾಯೂತನಾ."

"ಆತು," ಎಂದೆ, ಅವನದೇ ದನಿಯಲ್ಲಿ. ಅವ್ವ ನನ್ನ ತಲೆಗೆ ಸೌಟಿನಿಂದ ಹೊಡೆದಳು. ಪಂಥ ಕೂತಿತು. ಮಿರಗ ಎಂದರೆ ಮೃಗಶಿರ ಮಳೆ; ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ಬಂದುಬಿಡುತ್ತದೆ.

ಮೇ ತಿಂಗಳ ಕೊನೆಯಲ್ಲಿ ಬೀಡಿಗೆ ಹೋದೆ. ಮಾಸ್ತರರು ಊರ ಸಾಲೆಯಲ್ಲಿ ವಿಜ್ಞಾನ ಕಲಿಸುವವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಹುಣಸೆ ಮರವನ್ನು ಹಿಂದಿನ ವರ್ಷ ಕಡಿಸಿದ್ದರು. ಅಲ್ಲಿ ಒಂದು ಕೋಣೆ ಕಟ್ಟಿಸಬೇಕು; ಮಳೆಗೆ ಮೊದಲು ಬುನಾದಿ ಆಗಬೇಕು ಎಂದು ಗೌಂಡಿ ಅವಸರ ಮಾಡುತ್ತಿದ್ದ. ಬೊಡ್ಡೆ ಎತ್ತಿನಗಾಡಿಯ ಗಾಲಿಯಷ್ಟು ದಪ್ಪ. ಉತ್ತರಕ್ಕೆ ಒಂದು ಮೊಳ ದೂರದಲ್ಲಿ ಮನೆಯ ಗೋಡೆ, ದಕ್ಷಿಣಕ್ಕೆ ಟಾಕಿ, ಪೂರ್ವಕ್ಕೆ ತೆರೆದ ಅಂಗಳ. ಪಶ್ಚಿಮಕ್ಕೆ ಕಾಂಪೌಂಡಿಗೂ ಬೊಡ್ಡೆಗೂ ನಡುವೆ ಒಂದು ಸಂದಿ. ಅಳೆದೆ, ಮೂವತ್ತಾರು ಇಂಚು.

"ಬೊಡ್ಡಿ ಇಷ್ಟ ಎತ್ತರ ಯಾಕ ಬಿಟ್ಟಾರ್ರಿ ಸರ್?" ಎಂದು ಕೇಳಿದೆ. ಮರ ಕಡಿಯುವವರು ಸಾಮಾನ್ಯವಾಗಿ ನೆಲಕ್ಕೆ ಹತ್ತಿ ಕಡಿಯುತ್ತಾರೆ. ಇದು ಎರಡು ಅಡಿ ಮೇಲೆ ನಿಂತಿತ್ತು.

"ಮೈಗಳ್ಳರು," ಎಂದರು ಮಾಸ್ತರರು, ಟಾಕಿಯ ಕಡೆ ನೋಡುತ್ತ.

ಬೇರೆಯವರನ್ನು ಯಾರಾದರೂ ಮೈಗಳ್ಳರು ಎಂದರೆ ನಾನು ಕೂಡಲೇ ನಂಬುತ್ತೇನೆ. ನಂಬಿದೆ.

ಮನೆಯ ಕಟ್ಟೆಯ ಮೇಲೆ ಮಾಸ್ತರರ ತಾಯಿ ಕೂತಿದ್ದಳು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು. ಹಣೆಯ ತುಂಬ ಭಂಡಾರದ ಅರಿಶಿನ, ಕೈಯಲ್ಲಿ ಕೋಲು, ಬಾಯಲ್ಲಿ ತಂಬಾಕು. ನಾನು ಟೇಪು ಬಿಚ್ಚಿದ್ದೇ ತಡ, "ಏನಲೇ, ನನ್ನ ಕುಣಿ ಅಳ್ಯಾಕ ಬಂದೀಯೇನ? ಇನ್ನಾ ಉಸರ ಐತಿ," ಎಂದಳು. ಪ್ರತಿ ಮಾತಿನ ಕೊನೆಗೆ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟುವ ಹವ್ಯಾಸ ಆಕೆಗೆ. ಎಡಗೈಯಿಂದ.

ಅಂಥ ಆಸ್ತಿ ಕಣ್ಣಿಗೆ ಬಿದ್ದ ಮೇಲೆ ನನ್ನಂಥವನು ಸುಮ್ಮನೆ ಬಸ್ಸು ಹತ್ತುವುದುಂಟೆ? ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಂಡಿ ಒತ್ತಿ ಕೂತು, ಎಡಗೈಯಲ್ಲಿ ಇಲ್ಲದ ಕೋಲು ಕುಟ್ಟಿ, "ಇನ್ನಾ ಉಸರ ಐತಿ," ಎಂದೆ. ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಒಬ್ಬ ಮಾತ್ರ ನಗದೆ ಎದ್ದು ಹೊರಗೆ ಹೋದ. ಅವನು ಎಲ್ಲಿಗೆ ಹೋದನೆಂದು ನಾಲ್ಕು ದಿನದ ಮೇಲೆ, ಯಂತ್ರದೊಂದಿಗೆ ಮರಳಿ ಬಂದಾಗ ತಿಳಿಯಿತು: ಸೀದಾ ಆಯಿಯ ಕಟ್ಟೆಗೆ. ಆಯಿ ಬಾಯಿ ಬಿಡಲಿಲ್ಲ. ಗಾಡಿಯಿಂದ ಯಂತ್ರ ಇಳಿಸುವಾಗಲೂ ಇಲ್ಲ, ಅಂಗಳದ ಕಡೆಯಿಂದ, ಅಂದರೆ ಪೂರ್ವದಿಂದ, ನಾನು ಅದನ್ನು ಬೊಡ್ಡೆಗೆ ಹಚ್ಚಿದಾಗಲೂ ಇಲ್ಲ. ತನ್ನ ಕೋಲಿನ ಮೇಲೆ ಗಲ್ಲ ಊರಿ ನೋಡುತ್ತ ಕೂತಳು, ಆಟ ಶುರುವಾಗುವುದನ್ನು ಕಾಯುವವರ ಹಾಗೆ.

ಆಟ ಬೇಗ ಮುಗಿಯಿತು. ಮೊದಲ ಇಂಚು ಕೆಂಪು ಹೊಟ್ಟು ಚೆಂದವಾಗಿ ಹಾರಿತು. ಎರಡನೆಯ ಇಂಚಿಗೆ ಟಣ್ ಎಂದಿತು. ಒಂದು ಹಲ್ಲು ಯಂತ್ರದ ರಬ್ಬರ್ ಪರದೆ ಹರಿದುಕೊಂಡು ಹೋಗಿ ಮಾಸ್ತರರ ಮೋಟರ್‌ಸೈಕಲ್ಲಿನ ಕನ್ನಡಿ ಒಡೆಯಿತು. ಬಂದ್ ಮಾಡುವಷ್ಟರಲ್ಲಿ ಇನ್ನೂ ಮೂರು ಹೋದವು. ನಾಲ್ಕು ಹಲ್ಲು ಉದುರಿದ ಗಾಲಿ ನನ್ನತ್ತ ನೋಡಿತು, ಥೇಟ್ ನನ್ನ ಅಜ್ಜನ ಬಾಯಿ. ಬೊಡ್ಡೆಯ ಗಾಯದೊಳಗಿಂದ ಇಕ್ಕಳದಿಂದ ಒಂದು ಮೊಳೆ ಎಳೆದೆ. ಕಮ್ಮಾರನು ಬಡಿದ ಚೌಕ ತಲೆಯ ಹಳೆಯ ಮೊಳೆ. ಅದಕ್ಕೆ ಕಪ್ಪು ದಾರದಂಥದ್ದು ಏನೋ ಸುತ್ತಿತ್ತು. ದಾರವಲ್ಲ, ಕೂದಲು.

"ಸರ್, ಏನ್ರಿ ಇದು?"

ಮಾಸ್ತರರು ಮೊಳೆಯನ್ನು ಮುಟ್ಟಲಿಲ್ಲ. "ಬಟ್ಟಿ ಒಣ ಹಾಕಾಕ ತಂತಿ ಕಟ್ಟಿದ್ವಿ. ಆ ಮೊಳಿ ಇರಬೇಕು."

ಕಟ್ಟೆಯ ಮೇಲಿಂದ ಒಂದು ನಗು ಬಂತು. "ಬಟ್ಟಿ ಒಣ ಹಾಕೂದು! ಹೇಳಪಾ, ಹೇಳು. ಸಾಲ್ಯಾಗ ಹುಡುಗೂರಿಗೂ ಹಿಂಗ ಸುಳ್ಳ ಹೇಳ್ತೀಯೇನು?"

ಆಗಲೇ ಫೋನು ಬಂತು. ಮಾವ. ನಾನು ಹಲೋ ಎನ್ನುವ ಮೊದಲೇ, "ಹೆಂಗದಾವ ಅಳಿಯಾ, ಹಲ್ಲು?" ಎಂದ.

"ನಿನಗ ಗೊತ್ತಿತ್ತು."

"ಗೊತ್ತಿತ್ತು. ನೀ ಕೇಳಲಿಲ್ಲ." ಮೂಗಿನ ಗಾಳಿ, ಗಂಟಲ ಟ್ರ್ಯಾಕ್ಟರ್, ಮತ್ತು ಆ ಕಡೆ ಯಾರದೋ ತೊಡೆಗೆ ಬಿದ್ದ ಏಟು ಎಲ್ಲ ಕೇಳಿಸಿತು. "ಸೋಮವಾರ ಬಾ. ಜೆಸಿಬಿ ಸೀಟ್ ಒರಸಿ ಇಟ್ಟಿರ್ತೀನಿ."

ಸಂಜೆಯವರೆಗೆ ಊರಿನವರನ್ನು ಕೇಳುತ್ತ ತಿರುಗಿ ಕತೆ ತಿಳಿದುಕೊಂಡೆ. ನಲವತ್ತು ವರ್ಷ ಆಯಿ ಆ ಮರದ ಕೆಳಗೆ ದೆವ್ವ ಬಿಡಿಸುತ್ತಿದ್ದಳು. ಅಂಜಿದವರು, ಮೈಮೇಲೆ ಬಂದವರು, ರಾತ್ರಿ ಬೆಚ್ಚುವ ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದರು. ಅವರನ್ನು ಮರಕ್ಕೆ ಬೆನ್ನು ಹಚ್ಚಿ ಕೂರಿಸಿ, ನೆತ್ತಿಯ ಕೂದಲಿನ ಎಳೆಯೊಂದನ್ನು ಮೊಳೆಗೆ ಸುತ್ತಿ, ತಲೆಯ ಹಿಂದೆ ಮರಕ್ಕೆ ಹೊಡೆಯುವುದು, ಕೂದಲು ಕತ್ತರಿಸುವುದು, ದೆವ್ವ ಮರದಲ್ಲಿ ಉಳಿಯಿತು, ಮನುಷ್ಯ ಎದ್ದು ಮನೆಗೆ ಹೋದ. ಮರ ಬೆಳೆಯುತ್ತ ಮೊಳೆಗಳನ್ನು ನುಂಗಿತ್ತು. ಕಡಿಯುವವರು ಮೈಗಳ್ಳರಾಗಿರಲಿಲ್ಲ, ಗರಗಸಕ್ಕೆ ಕಬ್ಬಿಣ ಸಿಕ್ಕಲ್ಲಿ ನಿಲ್ಲಿಸಿದ್ದರು. ಮಾವ ಹೊಟ್ಟೆಕಿಚ್ಚಿಗೆ ಹೇಳಲಿಲ್ಲ. ಮಾಸ್ತರರು ನಾಚಿಕೆಗೆ ಹೇಳಲಿಲ್ಲ. ವಿಜ್ಞಾನ ಕಲಿಸುವವರ ಅಂಗಳದಲ್ಲಿ ದೆವ್ವದ ಮೊಳೆ ಇರುವುದು ಹೇಗೆ? ಆಯಿ ಚಹಾದಂಗಡಿಯ ಸುದ್ದಿ ಕೇಳಿ ಹೇಳಲಿಲ್ಲ. ಮೂವರಿಗೂ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಮೊಳೆಗಳು ಪೂರ್ವದಲ್ಲಷ್ಟೇ ಇವೆಯೋ, ಎಲ್ಲ ಮಗ್ಗುಲಲ್ಲೋ, ಎಷ್ಟು ಕೆಳಗಿನವರೆಗೋ ಎಂಬುದು ಆಯಿಗೆ ಮಾತ್ರ ಗೊತ್ತು. ನನ್ನ ಬಳಿ ಇನ್ನು ನಾಲ್ಕು ಹಲ್ಲು. ಪುಣೆಯಿಂದ ಹೊಸವು ಬರಲು ವಾರ ಬೇಕು; ಅಷ್ಟರಲ್ಲಿ ಮಿರಗ ಬಂದಿರುತ್ತದೆ. ಇನ್ನೊಂದು ಟಣ್ ಎಂದರೆ ನಾನು ಸೋಮವಾರ ಒರೆಸಿಟ್ಟ ಸೀಟಿನ ಮೇಲೆ.

ಮರುದಿನ ಮುಂಜಾನೆ ಕಟ್ಟೆಯ ಕೆಳಗೆ ಹೋಗಿ ನಿಂತೆ.

"ಆಯಿ, ತಪ್ಪಾತು."

"ಯಾವ ದನ್ಯಾಗ ಹೇಳಾಕ ಹತ್ತಿ? ನಂದೋ, ನಿಂದೋ?"

"ನಂದ ಆಯಿ."

"ನಿಂದಂಬೂದು ಒಂದ ಐತೇನ? ಹೋಗ ಮಂಗ್ಯಾನಂಥಾವ್ನ. ಚಾದಂಗಡ್ಯಾಗ ಮಂದಿ ಕುಂತಾರ, ಅಲ್ಲೆ ಕುಣಿ ಹೋಗು."

"ಮೊಳಿ ಎಲ್ಲಿಂದ ಎಲ್ಲಿತನಾ ಅದಾವ, ಅಷ್ಟ ಹೇಳ್ರಿ."

ಆಕೆ ತಂಬಾಕು ಉಗುಳಿದಳು, ನನ್ನ ಚಪ್ಪಲಿಯಿಂದ ಒಂದು ಗೇಣು ದೂರಕ್ಕೆ. ಗುರಿ ತಪ್ಪಿದ್ದಲ್ಲ, ಎಚ್ಚರಿಕೆ. ಕಾಂಪೌಂಡಿನ ಆಚೆ ಹತ್ತು ಹದಿನೈದು ಜನ ಕೂಡಿದ್ದರು. ಒಬ್ಬ, "ತೋರಸಪಾ, ಆಯಿ ಮುಂದ ಆಯೀನ್ನ ತೋರಸು!" ಎಂದು ಕೂಗಿದ.

ನನಗೂ ಸಿಟ್ಟು ಬಂದಿತ್ತು. ನಿನ್ನೆಯಿಂದ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಆ ಕೆಲಸ ನನ್ನದು. "ಆತು, ತೋರಸ್ತೀನಿ," ಎಂದು ಬೊಡ್ಡೆಯ ಹತ್ತಿರ ಹೋದೆ. ಇಲ್ಲದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ, ಬಾಯಿ ಒಂದು ಕಡೆ ಉಬ್ಬಿಸಿದೆ, ಇಲ್ಲದ ರೋಗಿಯೊಬ್ಬನ ರಟ್ಟೆ ಹಿಡಿದೆ. "ಕುಂದರಲೇ, ಕುಂದರು. ಅಂಜತಿಯೇನು? ಇನ್ನಾ ಉಸರ ಐತಿ." ಆಚೆಯ ಜನರಿಗೆ ಕಾಣಬೇಕಲ್ಲ ಎಂದು ರೋಗಿಯನ್ನು ಬೊಡ್ಡೆಯ ಆ ಬದಿಗೆ, ಕಾಂಪೌಂಡಿನ ಸಂದಿಯ ಕಡೆ ಕೂರಿಸಿ, ಎಡಗೈಯಿಂದ ಮೊಳೆ ಹೊಡೆಯತೊಡಗಿದೆ. ಜನ ನಕ್ಕರು.

ಕೋಲು ಕಟ್ಟೆಗೆ ಕುಟ್ಟಿದ ಸದ್ದು ಮೊದಲು ಬಂತು, ಮಾತು ಆಮೇಲೆ.

"ಲೇ ಖೋಡಿ! ಆ ಬಾಜು ಯಾವ ಹುಚ್ಚ ಕುಂದರಸ್ತಾನೋ? ಪಡುವಣಕ್ಕ ಮಾರಿ ಮಾಡಿ? ಸಾಯಾಕಂತ ಕುಂದರ್ಸಿಯೇನು?"

ನನ್ನ ಕೈ ಗಾಳಿಯಲ್ಲೇ ನಿಂತಿತು. ಆಕೆಗೆ ಅವಮಾನವಾದದ್ದು ನಾನು ಅಣಕಿಸಿದ್ದಕ್ಕಲ್ಲ, ತಪ್ಪಾಗಿ ಅಣಕಿಸಿದ್ದಕ್ಕೆ. ಇದು ನನಗೆ ಗೊತ್ತಿರುವ ನೋವು. ಯಾರಾದರೂ ಮಾವನ ನಗುವಿನ ಎರಡನೆಯ ಕಂತು ಬಿಟ್ಟು ನಕ್ಕರೆ ನನಗೂ ಹಾಗೆಯೇ ಆಗುತ್ತದೆ. ಮುಂದಿನದನ್ನು ನಾನು ಬೇಕೆಂದೇ ಮಾಡಿದೆ. ರೋಗಿಯನ್ನು ಎಬ್ಬಿಸಿ ಗೋಡೆಯ ಕಡೆ ಕೂರಿಸಿದೆ.

"ಅಲ್ಲಲೇ, ತೆಂಕಲ-ಬಡಗಲ ಯಾವಾಗ್ಲೂ ಇಲ್ಲ! ಹುಟ್ಟೂ ಹೊತ್ತಿಗೆ ಮಾರಿ ಮಾಡಬೇಕು. ಮೂಡಲ ಕಡೆ ಕುಂದರಸು. ಮೂಡಲಕ್ಕ!"

ಪೂರ್ವಕ್ಕೆ ಕೂರಿಸಿದೆ. ಸುತ್ತಿಗೆಯನ್ನು ನನ್ನ ಎದೆಯ ಎತ್ತರಕ್ಕೆ ಎತ್ತಿದೆ.

"ಅಷ್ಟ ಮ್ಯಾಲ? ದೆವ್ವ ಏನ ಅಟ್ಟದ ಮ್ಯಾಲ ಕುಂತೈತೇನ? ಕುಂತವರ ನೆತ್ತಿ ಮಟ. ಹುಡುಗೂರದು ಇನ್ನಾ ಕೆಳಗ, ಈಟ. ಮತ್ತ ಆಗ ಅಂಗಳ ಇಷ್ಟ ಎತ್ತರ ಇರಲಿಲ್ಲ. ಈ ಶ್ಯಾಣ್ಯಾ ಮಣ್ಣ ತುಂಬಸ್ಯಾನ." ಕೋಲು ಮಗನ ಕಡೆ ತಿರುಗಿತು. "ಇವನದ ಎಲ್ಲಾಕ್ಕಿಂತ ಕೆಳಗ ಐತಿ. ನಾಕ ವರ್ಷದಾಂವ ಇದ್ದ. ಬೆಕ್ಕ ಕಂಡ್ರ ಚಡ್ಡ್ಯಾಗ ಮಾಡ್ಕೋತಿದ್ದ."

ಕಾಂಪೌಂಡಿನ ಆಚೆಯವರು ಆವರೆಗೆ ನಕ್ಕದ್ದೆಲ್ಲ ಏನೂ ಅಲ್ಲ ಎನಿಸುವಂತೆ ನಕ್ಕರು. ಮಾಸ್ತರರು ಪೆನ್ನುಗಳನ್ನು ಜೇಬಿನಿಂದ ತೆಗೆದು, ನೋಡಿ, ಮತ್ತೆ ಇಟ್ಟುಕೊಂಡು ಒಳಗೆ ಹೋದರು. ನಾನು ಟೇಪು ತೆಗೆದು ಬೊಡ್ಡೆಯ ಪೂರ್ವದ ಮಗ್ಗುಲಿಗೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಆಗ ಆಯಿಗೆ ತಿಳಿಯಿತು.

"ಹಲ್ಕಟ್! ನನ್ನ ಬಾಯಿಂದ ಹೊಂಡಿಸಿದಿ!"

"ಹೂನ್ರಿ ಆಯಿ."

ಬಹಳ ಹೊತ್ತು ಬೈದಳು. ನನ್ನ ಹುಟ್ಟು, ನನ್ನ ಮೋರೆ, ನನ್ನನ್ನು ಹೆತ್ತವಳ ತಾಳ್ಮೆ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಅದರಾಗಿನ ಒಂದ ಮೊಳಿ ಚರಂಡ್ಯಾಗ ಬಿತ್ತಂದ್ರ, ನಿನ್ನ ಕೂದಲಕ್ಕ ಸುತ್ತಿ ನಿನ್ನ ಮಷೀನಿಗೇ ಬಡೀತೀನಿ. ಎಲ್ಲಾ ಒಂದ ಕಡೆ ಇರಬೇಕು. ನನ್ನ ಕೈಯಾಗ ತಂದ ಕೊಡಬೇಕು," ಎಂದಳು. ಒಪ್ಪಿದೆ. ಹೇಗೂ ನಾನು ಆ ಕಬ್ಬಿಣದ ಸಮೀಪ ಹೋಗುವವನಿರಲಿಲ್ಲ.

ಯಂತ್ರವನ್ನು ಹಿತ್ತಲ ಬಾಗಿಲಿನಿಂದ ಸುತ್ತು ಹಾಕಿಸಿ ಪಶ್ಚಿಮದ ಸಂದಿಗೆ ತಂದೆ. ಎರಡೂ ಬದಿಗೆ ಒಂದೊಂದು ಬೆರಳು ಉಳಿಯಿತು. ಕೋಟೆಯ ಹಿರಿಯರು ಕೊಟ್ಟ ಕೋಲಿನ ಏಟು ಮೊಣಕಾಲಿನಲ್ಲಿ ಒಮ್ಮೆ ಚುರುಕ್ ಎಂದಿತು. ದೊಡ್ಡ ಯಂತ್ರ ತಂದಿದ್ದರೆ ಅದು ಆಗ ಅಂಗಳದಲ್ಲಿ ನಿಂತು ಮೂಡಲಕ್ಕೆ ಮಾರಿ ಮಾಡಿ ಕೂರಬೇಕಿತ್ತು. ಇದ್ದ ನಾಲ್ಕು ಹಲ್ಲನ್ನು ಎದುರುಬದುರಾಗಿ ಕೂರಿಸಿ, ಬೆರಳಿನಷ್ಟು ಬೆರಳಿನಷ್ಟು ಕೆರೆಯುತ್ತ ಹೋದೆ. ಹುಣಸೆಯ ತಿರುಳು ಕಲ್ಲಿನಂತಿತ್ತು. ಪ್ರತಿ ಅರ್ಧ ಗಂಟೆಗೆ ಯಂತ್ರಕ್ಕೂ ನನಗೂ ವಿಶ್ರಾಂತಿ. ಮೊದಲ ದಿನ ಅರ್ಧ ಬೊಡ್ಡೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಬಾಗಿಲಿನ ಹಲಗೆಯಷ್ಟು ದಪ್ಪದ ಪೂರ್ವದ ಮಗ್ಗುಲು ಮಾತ್ರ ನೆಟ್ಟಗೆ ನಿಂತಿತ್ತು, ಒಳಗೆಲ್ಲ ಮೊಳೆ. ಅದರ ಬುಡದ ಮಣ್ಣನ್ನು ಸಲಿಕೆಯಿಂದ ತೋಡಿ, ಮೊಳೆಗಳಿಗಿಂತ ಕೆಳಗೆ ಕೊಡಲಿಯಿಂದ ಬೇರು ಕಡಿದು, ಹಾರೆ ಹಾಕಿ ಮೀಟಿದೆ. ಅಂಗಳಕ್ಕೆ ಬಿತ್ತು. ಒಂದೇ ಒಂದು ಟಣ್ ಇಲ್ಲ. ಉಳಿದ ಬೇರನ್ನು ಒಂದು ಅಡಿ ಆಳದವರೆಗೆ ಪುಡಿ ಮಾಡುವಷ್ಟರಲ್ಲಿ ಮೋಡ ಕೂಡಿತ್ತು.

ಆಗ ಜೀಪು ಬಂದು ನಿಂತಿತು. ಸೋಲನ್ನು ಸ್ವಂತ ಕಣ್ಣಿನಿಂದ ನೋಡಿ ಹೋಗಲು ಮಾವ ಬೆಳಗಾವಿಯಿಂದ ಬಂದಿದ್ದ. ಗುಂಡಿಯ ಸುತ್ತ ಒಂದು ಸುತ್ತು ಬಂದ. ಗೋಡೆ ತಟ್ಟಿ ನೋಡಿದ. ಟಾಕಿಯ ಮುಚ್ಚಳ ಎತ್ತಿ ನೀರು ಇಳಿದಿದೆಯೇ ಎಂದು ಬಗ್ಗಿದ.

"ಗ್ವಾಡಿಗೆ ಒಂದ ಗೆರಿ ಬಿದ್ದೈತಿ," ಎಂದ.

"ಅದು ನನ್ನ ಮದವ್ಯಾದ ವರ್ಷ ಬಿದ್ದದ್ದು," ಎಂದಳು ಆಯಿ ಕಟ್ಟೆಯಿಂದ. "ನೀ ಯಾರಂವಾ?"

ಮಾವ ನಗಲು ನೋಡಿದ. ಮೂಗಿನ ಗಾಳಿ ಬಂತು. ಟ್ರ್ಯಾಕ್ಟರ್ ಒಮ್ಮೆ ಒದ್ದಾಡಿ ಬಂದಾಯಿತು. ಕೈ ತೊಡೆಯವರೆಗೆ ಹೋಗಲಿಲ್ಲ. ಜೀಪು ಹತ್ತಿ ಹೋದ, ನನ್ನನ್ನು ಕರೆಯದೆ.

ಮೊಳೆಯ ಹಲಗೆಯನ್ನು ಏನು ಮಾಡಬೇಕೆಂದು ಆಯಿಯನ್ನು ಕೇಳಿದೆ. ಹೊಳೆಗೆ ಎಂದಳು. ನಾಲ್ಕು ಜನ ಸೇರಿ ಅದನ್ನು ನನ್ನ ಗಾಡಿಯ ಹಿಂದಕ್ಕೆ ಏರಿಸಿದರು. ಆಯಿ ಮುಂದೆ ಕೂತಳು. ಖಾನಾಪುರದವರೆಗೆ ಉದ್ದಕ್ಕೂ ನನ್ನ ಗಾಡಿ ಓಡಿಸುವ ರೀತಿಯನ್ನು ಬೈದಳು. ನಡುವೆ ಒಮ್ಮೆ, ಗೇರು ಬದಲಿಸುವಾಗ ನಾನು ನಾಲಿಗೆ ಕಚ್ಚುತ್ತೇನೆಂದು ತೋರಿಸಿಕೊಟ್ಟಳು. ಅದು ನನಗೆ ಗೊತ್ತಿರಲಿಲ್ಲ. ಮಲಪ್ರಭೆಯಲ್ಲಿ ನೀರು ಕಡಿಮೆ. ಆಳದ ಮಡುವಿನವರೆಗೆ ಮಗುಚಿ ಮಗುಚಿ ಎಳೆದುಕೊಂಡು ಹೋಗಬೇಕಾಯಿತು. ಹಲಗೆ ತೇಲಲಿಲ್ಲ, ಸೀದಾ ಮುಳುಗಿತು. ಆಕೆ ಕೈ ಮುಗಿಯುತ್ತಾಳೆಂದು ಕಾದೆ. "ಏನ ನೋಡ್ತಿ? ಮನಿಗೆ ನಡಿ. ಮಳಿ ಬರ್ತೈತಿ," ಎಂದಳು.

ಈಗ ಬೀಡಿಯ ಚಹಾದಂಗಡಿಯಲ್ಲಿ ನನಗೆ ಮೊದಲಿನ ಬೆಲೆ ಇಲ್ಲ. ಹಲ್ಲು ಹಾರಿದಾಗ ನಾನು ಮಾಡಿದ ಮೋರೆಯನ್ನು ಆಯಿ ಕಟ್ಟೆಯ ಮೇಲೆ ಕೂತಲ್ಲೇ ಮಾಡಿ ತೋರಿಸುತ್ತಾಳಂತೆ; ಜನ ನನ್ನದಕ್ಕಿಂತ ಅದೇ ಚೆನ್ನ ಎನ್ನುತ್ತಾರೆ. ಕೂಡಲೇ ಎರಡು ಸೆಟ್ಟು ಹಲ್ಲು ತರಿಸಿಟ್ಟುಕೊಂಡೆ. ಮಾಸ್ತರರು ಕನ್ನಡಿಯ ಬಗ್ಗೆ ಇನ್ನೂ ಫೋನು ಮಾಡುತ್ತಾರೆ. ಮಾವ ಮಾತಿಗೆ ತಪ್ಪಿಲ್ಲ: ನನ್ನ ಹೆಸರು ಎತ್ತುವುದಿಲ್ಲ. ತನ್ನ ಜೆಸಿಬಿ ಹೋಗದ ಜಾಗದ ಗಿರಾಕಿಗಳನ್ನು ಬಯ್ಯುತ್ತ ನನ್ನ ಕಡೆ ತಳ್ಳುತ್ತಾನೆ, ಹೆಸರಿಲ್ಲದೆ. ಅವರು ಫೋನಿನಲ್ಲಿ ತಡವರಿಸುತ್ತಾರೆ.

"ನಮಸ್ಕಾರ್ರಿ. ಗಡ್ಡ ಬೋಳಸಾಂವ ಅಂದ್ರ ನೀವ ಏನ್ರಿ?"

"ನಾನ ನೋಡ್ರಿ," ಎನ್ನುತ್ತೇನೆ, ಮಾವನ ದನಿಯಲ್ಲಿ. "ನಾಳಿ ಮುಂಜಾನೆ ಬರ್ತೀನಿ. ಬರೂದ್ರಾಗ ಒಂದ ಕೆಲಸ ಮಾಡ್ರಿ. ಮನ್ಯಾಗ ಎಲ್ಲಾರಿಗಿಂತ ಹಿರೇರ ಯಾರದಾರ, ಅವರ್ನ ಬೊಡ್ಡಿ ಹಂತ್ಯಾಕ ಕರಕೊಂಡ ಬಂದ ಕುಂದರಸ್ರಿ. ಬೈದ್ರ ಬೈಲಿ."